ಬಾಡಿಗೆ ಅಗ್ರಿಮೆಂಟ್ ಯಾಕೆ 11 ತಿಂಗಳು?

ಮನೆ-ಬಾಡಿಗೆ ಇತಿಹಾಸ, ಭಾಗ 3

ಫ್ರೆಂಡ್ಸ್, ನಿಮ್ಮ ರೂಮಿನ ಅಗ್ರಿಮೆಂಟ್ ಒಂದ್ಸಲ ತೆಗೆದು ನೋಡಿ. ಅವಧಿ 11 ತಿಂಗಳು ಅಂತಾನೇ ಇರುತ್ತೆ. ಅಪ್ಪ ಅಮ್ಮ ಮಹಡಿ ಮೇಲೆ ಮನೆ ಕಟ್ಟಿಸಿ ಬಾಡಿಗೆಗೆ ಕೊಡೋ ಯೋಚನೆಯಲ್ಲಿದ್ರೆ ಇದನ್ನ ಅವರಿಗೂ ಓದಿ ಹೇಳಿ.

ಯಾಕೆ 11 ಅಂತ ದೊಡ್ಡವರನ್ನ ಕೇಳಿದ್ರೆ, "12 ವರ್ಷ ಇದ್ಬಿಟ್ರೆ ಮನೆ ಅವರದ್ದೇ ಆಗೋಗುತ್ತೆ" ಅಂತಾರೆ. ಅದು ಕಾರಣವಲ್ಲ.

ಕಾರಣ ಬ್ರಿಟಿಷರ ಕಾಲದ ಎರಡು ಕಾನೂನು: 1882ರ ಆಸ್ತಿ ವರ್ಗಾವಣೆ ಕಾಯ್ದೆ, 1908ರ ನೋಂದಣಿ ಕಾಯ್ದೆ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಮನೆ ಕೊಟ್ರೆ ಪತ್ರ ರಿಜಿಸ್ಟರ್ ಆಗಲೇಬೇಕು. ಆ ಖರ್ಚು, ಓಡಾಟ ಬೇಡ ಅಂತ ಜನ 11ಕ್ಕೆ ನಿಲ್ಲಿಸಿದ್ರು. ಅಷ್ಟೇ.

ಹಾಗಾದ್ರೆ 12 ವರ್ಷದ ಭಯ? 1963ರ ಕಾಲಮಿತಿ ಕಾಯ್ದೆಯಲ್ಲಿ 12 ವರ್ಷದ ಮಾತು ಇರೋದು ನಿಜ. ಆದರೆ ಅದು ಮಾಲೀಕನ ಹಕ್ಕನ್ನೇ ಒಪ್ಪದೆ ಕೂತವರ ವಿಷಯ. ನಿಮ್ಮ ಒಪ್ಪಿಗೆಯಿಂದ ಬಂದು ತಿಂಗಳು ತಿಂಗಳು ಬಾಡಿಗೆ ಕೊಡೋವರಿಗೆ ಅದು ಅನ್ವಯಿಸಲ್ಲ. ಆದ್ದರಿಂದ ಬಾಡಿಗೆಯನ್ನ ಬ್ಯಾಂಕ್ ಮೂಲಕ ತಗೊಳ್ಳಿ, ಇಲ್ಲಾಂದ್ರೆ ರಶೀದಿ ಕೊಡಿ. ಅದೇ ದಾಖಲೆ ಇಬ್ಬರನ್ನೂ ಕಾಪಾಡುತ್ತೆ.

ದೊಡ್ಡವರ ಭಯಕ್ಕೆ ಇನ್ನೊಂದು ಹಿನ್ನೆಲೆಯೂ ಇರಬಹುದು. ದೇವರಾಜ ಅರಸು ಅವರ ಕಾಲದ ಭೂಸುಧಾರಣೆಯಿಂದ, 1974ರ ನಂತರ, ಗೇಣಿದಾರರಿಗೆ ತಾವು ಉಳುತ್ತಿದ್ದ ಜಮೀನಿನ ಒಡೆತನ ಸಿಕ್ಕಿತು. ಅದು ಕೃಷಿ ಭೂಮಿಗೆ, ಬಾಡಿಗೆ ಮನೆಗಲ್ಲ.

ಮನೆಗಳ ಕಥೆಯೇ ಬೇರೆ. ಮೊದಲ ಮಹಾಯುದ್ಧದ ಹೊತ್ತಿಗೆ ಬಾಂಬೆಯಲ್ಲಿ ಮನೆಗಳ ಕೊರತೆ ಆಗಿ, 1918ರಲ್ಲಿ ಬಾಡಿಗೆ ನಿಯಂತ್ರಣ ಬಂತು. ನಮ್ಮಲ್ಲಿ 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಬಂತು. ಅಗ್ರಿಮೆಂಟ್ ಮುಗಿದ್ರೂ ಕಾನೂನು ಹೇಳಿದ ಕಾರಣ ಇಲ್ಲದೆ ಬಾಡಿಗೆಯವರನ್ನ ಬಿಡಿಸೋ ಹಾಗಿರಲಿಲ್ಲ. ಬಡ ಬಾಡಿಗೆದಾರರಿಗೆ ಅದು ನಿಜವಾದ ಆಸರೆ. ಆದರೆ ಹಳೇ ಬಾಡಿಗೆಯಲ್ಲಿ ರಿಪೇರಿಗೂ ದುಡ್ಡು ಹುಟ್ಟಲ್ಲ ಅನ್ನೋದು ಮಾಲೀಕರ ದೂರು. ನಾವು ಎಕನಾಮಿಕ್ಸ್‌ನಲ್ಲಿ ಓದೋ ಪ್ರೈಸ್ ಸೀಲಿಂಗ್ ಇದೇ ನೋಡಿ.

ಆಮೇಲೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಡಿಸೆಂಬರ್ 31ರಿಂದ ಜಾರಿಗೆ ಬಂತು. ಬೆಂಗಳೂರಿನಂಥ ಕಡೆ ತಿಂಗಳಿಗೆ 3,500 ರೂಪಾಯಿ ಮೀರಿದ ಮನೆಗಳನ್ನ ಅದು ಹೊರಗಿಟ್ಟಿತು. ಈಗ ಆ ಬಾಡಿಗೆಗೆ ಅಲ್ಲಿ ಮನೆ ಸಿಗೋದೇ ಅಪರೂಪ. ಹಾಗಾಗಿ ಇವತ್ತಿನ ಹೆಚ್ಚಿನ ಮನೆಗಳಿಗೆ ಮತ್ತೆ 1882ರ ಕಾನೂನೇ ಗತಿ. ಆ ಕಾನೂನು ಬಹಳಷ್ಟನ್ನ ಅಗ್ರಿಮೆಂಟಿಗೇ ಬಿಟ್ಟಿದೆ. ಅದಕ್ಕೇ ಕಾಗದದಲ್ಲಿ ಏನಿದೆ ಅನ್ನೋದು ಇಷ್ಟು ಮುಖ್ಯ.

ಕೊಡೋರೂ ತಗೊಳ್ಳೋರೂ ಇಷ್ಟು ಮಾಡಿ:

1. ನೋಟಿಸ್ ಎಷ್ಟು ದಿನ ಅಂತ ಬರೆಸಿ. ಬರೆಯದೇ ಇದ್ರೆ ತಿಂಗಳ ಬಾಡಿಗೆ ಮನೆಗೆ ಕಾನೂನು ಹೇಳೋದು ಬರೀ 15 ದಿನ.

2. ಕೀ ಕೊಡೋ ದಿನವೇ ಗೋಡೆ, ನಲ್ಲಿ, ಸ್ವಿಚ್ ಎಲ್ಲದರ ಫೋಟೋ ತೆಗೆದಿಡಿ. ದಿನಬಳಕೆಯ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲ ಅಂತ 1882ರ ಕಾಯ್ದೆಯೇ ಹೇಳುತ್ತೆ. ಆದರೆ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡೀತೀವಿ ಅಂತ ಬರೆದು ನೀವು ಸಹಿ ಹಾಕಿದ್ರೆ, ಆಮೇಲೆ ಜಗಳ ಆಡೋದು ಕಷ್ಟ.

3. ಅಡ್ವಾನ್ಸ್ ಯಾವಾಗ ವಾಪಸ್ ಅಂತ ಬರೆಸಿ. ಬೆಂಗಳೂರಿನ 10 ತಿಂಗಳ ಅಡ್ವಾನ್ಸ್ ರೂಢಿ, ಕಾನೂನಲ್ಲ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳು ಅನ್ನುತ್ತೆ. ಆದರೆ ರಾಜ್ಯ ತನ್ನದೇ ಕಾನೂನು ಮಾಡಿದ್ರೆ ಮಾತ್ರ ಅದಕ್ಕೆ ಬಲ.

4. ಮಾಲೀಕರೇ, ಆ ಅಡ್ವಾನ್ಸ್ ನಿಮ್ಮ ಆದಾಯವಲ್ಲ, ಸಾಲ. ಬ್ಯಾಲೆನ್ಸ್ ಶೀಟಲ್ಲಿ ಅದರ ಜಾಗ ಲಯಬಿಲಿಟಿ ಕಡೆ. ಅದರಲ್ಲೇ ಮೇಲಿನ ಮಹಡಿ ಎಬ್ಬಿಸಿದ್ರೆ, ಬಾಡಿಗೆಯವರು ಖಾಲಿ ಮಾಡೋ ದಿನ ಎಲ್ಲಿಂದ ತಂದು ಕೊಡ್ತೀರಾ?

ಮುಂದಿನ ಭಾಗ: ಬೋರ್ಡ್ ಮೇಲಿರೋ 'ಲೀಸ್‌ಗೆ ಇದೆ' ಮತ್ತು ಅಜ್ಜನ ಕಾಲದ ಭೋಗ್ಯ, ಎರಡೂ ಒಂದೇನಾ?

ನಿಮ್ಮ ಅಗ್ರಿಮೆಂಟ್‌ನಲ್ಲಿ ಅಡ್ವಾನ್ಸ್ ವಾಪಸ್ ಕೊಡೋ ದಿನ ಬರೆದಿದ್ಯಾ? ನೋಡಿ, ಕಮೆಂಟ್‌ನಲ್ಲಿ ಹೇಳಿ.

#ಬಾಡಿಗೆಮನೆ #ಇತಿಹಾಸ #ಬಿಕಾಂ