ಗ್ರಹಣ ಬಂದಿತ್ತು, ಪ್ರಶ್ನೆ ಬಂದಿರಲಿಲ್ಲ

2019ರ ಡಿಸೆಂಬರ್ 26. ನಂಜನಗೂಡಿನ ನಮ್ಮ ಮನೆಯಲ್ಲಿ ಅಜ್ಜಿ ಉಪ್ಪಿನಕಾಯಿ ಭರಣಿಯ ಮೇಲೆ ದರ್ಭೆ ಇಟ್ಟು, ಗ್ರಹಣ ಬಿಟ್ಟ ಮೇಲೆ ತಿ. ನರಸೀಪುರದ ಸಂಗಮಕ್ಕೆ ಸ್ನಾನಕ್ಕೆ ಹೋಗಲೇಬೇಕು ಅಂತ ಹಟ ಹಿಡಿದಿದ್ದರು. ನಾನು ಗ್ರಹಣದ ಕನ್ನಡಕ ಹಾಕ್ಕೊಂಡು ತಾರಸಿಯಲ್ಲಿದ್ದೆ. ಪೂರ್ತಿ ಬಳೆ ಕಂಡದ್ದು ಕಾಸರಗೋಡಿನ ಚೆರ್ವತ್ತೂರು, ಕೊಡಗಿನ ಕುಟ್ಟ, ನೀಲಗಿರಿಯ ಕಡೆ. ನಮ್ಮ ಪಾಲಿಗೆ ಬಂದದ್ದು ಬರೀ ಕುಡುಗೋಲು.

ಆಮೇಲೆ ಭೂಪಟ ಹುಡುಕಿದಾಗ ಇನ್ನೊಂದು ಗ್ರಹಣ ಸಿಕ್ಕಿತು. 1871ರ ಡಿಸೆಂಬರ್ 12ರ ಬೆಳಗ್ಗೆ ಪೂರ್ಣ ಸೂರ್ಯಗ್ರಹಣದ ನೆರಳು ಹೆಚ್ಚುಕಡಿಮೆ ಇದೇ ದಾರಿಯಲ್ಲಿ ಹೋಗಿತ್ತು: ಬೇಕಲ, ಮಾನಂದವಾಡಿ, ನೀಲಗಿರಿ. ಬೇಕಲದ ಕೋಟೆಯಲ್ಲಿ ಇಂಗ್ಲೆಂಡಿನ ನಾರ್ಮನ್ ಲಾಕ್ಯರ್ ತಂಡ, ನೀಲಗಿರಿಯಲ್ಲಿ ಫ್ರಾನ್ಸಿನ ಜಾನ್ಸೆನ್. ಎಲ್ಲರ ಕಣ್ಣೂ ಸೂರ್ಯನ ಸುತ್ತಲಿನ ಪ್ರಭೆ, ಅಂದರೆ ಕರೋನಾದ ಮೇಲೆ. ಅಕ್ಕಪಕ್ಕದ ನಕ್ಷತ್ರಗಳು ತಮ್ಮ ಜಾಗದಲ್ಲೇ ಇವೆಯಾ ಅಂತ ಅಳೆಯುವ ಯೋಚನೆ ಯಾರಿಗೂ ಇರಲಿಲ್ಲ.

ಯಾಕೆ ಇರಬೇಕಿತ್ತು ಅಂತೀರಾ? ಸೂರ್ಯನ ಪಕ್ಕದಲ್ಲಿ ಹಾದುಬರುವ ಬೆಳಕು ಅವನ ಗುರುತ್ವಕ್ಕೆ ಬಾಗುತ್ತೆ ಅಂತ ಜರ್ಮನಿಯ ಝೋಲ್ಡ್‌ನರ್ 1801ರಲ್ಲೇ ನ್ಯೂಟನ್ನನ ಲೆಕ್ಕ ಹಿಡಿದು ಬರೆದಿದ್ದ. ಬಾಗುವ ಕೋನ 0.84 ಸೆಕೆಂಡು. (ಒಂದು ಡಿಗ್ರಿಗೆ ಇಂಥ 3,600 ಸೆಕೆಂಡು.) ಆ ಲೇಖನವನ್ನು ಜಗತ್ತು ಮರೆತೇಬಿಟ್ಟಿತು. 1915ರಲ್ಲಿ ಐನ್‌ಸ್ಟೈನ್, ಕೋನ ಅದರ ಎರಡರಷ್ಟು, 1.75 ಸೆಕೆಂಡು ಅಂದರು. ಸೂರ್ಯ ಬೆಳಕನ್ನು ಎಳೆಯೋದಷ್ಟೇ ಅಲ್ಲ, ಸುತ್ತಲಿನ ಜಾಗವೇ ಬಾಗಿರುತ್ತೆ. ಕಪಿಲೆ ನಂಜನಗೂಡಿನಿಂದ ನರಸೀಪುರಕ್ಕೆ ನೆಲದ ಏರುತಗ್ಗು ನೋಡಿಕೊಂಡು ತಿರುಗಿ ತಿರುಗಿ ಹೋಗುತ್ತಲ್ಲ, ಹಾಗೆ. ಉಪಮೆ ಪೂರ್ತಿ ಸರಿಯಲ್ಲ, ಆದರೂ ನಡೆಯುತ್ತೆ.

1.75 ಸೆಕೆಂಡು ಎಷ್ಟು ಅಂದರೆ, ನಂಜುಂಡೇಶ್ವರನ ಗೋಪುರದ ಹತ್ತಿರ ಯಾರೋ ಒಂದು ರೂಪಾಯಿ ನಾಣ್ಯ ಹಿಡಿದಿದ್ದಾರೆ, ನೀವು ಸುಮಾರು ಎರಡೂವರೆ ಕಿಲೋಮೀಟರ್ ದೂರದಿಂದ ಅದರ ಅಗಲ ಅಳೀತೀರಿ. ಅಷ್ಟು. ಪೂರ್ಣಗ್ರಹಣದಲ್ಲಿ ಸೂರ್ಯನ ಸುತ್ತಲಿನ ನಕ್ಷತ್ರಗಳ ಫೋಟೋ ತೆಗೆಯಬೇಕು. ಸೂರ್ಯ ಅಲ್ಲಿಲ್ಲದ ತಿಂಗಳಲ್ಲಿ, ರಾತ್ರಿ, ಅದೇ ನಕ್ಷತ್ರಗಳ ಇನ್ನೊಂದು ಫೋಟೋ ತೆಗೆದು ಎರಡನ್ನೂ ಹೋಲಿಸಬೇಕು. ಬಳೆಗ್ರಹಣ ಇದಕ್ಕೆ ಪ್ರಯೋಜನವಿಲ್ಲ, ಆ ಬಳೆಯೇ ಕಣ್ಣು ಕುಕ್ಕುತ್ತೆ. 1919ರ ಮೇ 29ರಂದು ಎಡಿಂಗ್ಟನ್ ಆಫ್ರಿಕಾದ ಪ್ರಿನ್ಸಿಪೆ ದ್ವೀಪದಲ್ಲಿ, ಇನ್ನೊಂದು ತಂಡ ಬ್ರೆಜಿಲಿನ ಸೊಬ್ರಾಲ್‌ನಲ್ಲಿ ಇದನ್ನು ಮಾಡಿದರು. ಐನ್‌ಸ್ಟೈನ್ ರಾತ್ರೋರಾತ್ರಿ ಮನೆಮಾತಾದರು.

ನಮ್ಮ ಕಡೆಯವರೂ ಹೊರಟರು. 1922ರ ಸೆಪ್ಟೆಂಬರ್ 21ರ ಗ್ರಹಣಕ್ಕೆ ಕೊಡೈಕನಾಲ್ ವೀಕ್ಷಣಾಲಯದ ಎವರ್‌ಶೆಡ್, ಉಪಕರಣ ಹೊತ್ತು ಆಸ್ಟ್ರೇಲಿಯಾದ ವಲ್ಲಾಲ್ ಎಂಬ ಕಡಲತೀರಕ್ಕೆ ಹೋದರು. (ಆ ವೀಕ್ಷಣಾಲಯ ಈಗ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯದ್ದು; ಎಷ್ಟು ಜನ ಅದರ ಗೇಟಿನ ಮುಂದೆ ಟ್ರಾಫಿಕ್ಕಲ್ಲಿ ನಿಂತಿದ್ದೀವೋ.) ಆಕಾಶ ತಿಳಿಯಾಗಿತ್ತು. ಪ್ರಶ್ನೆಯೂ ಕೈಯಲ್ಲಿತ್ತು. ಯಂತ್ರ ಕೈಕೊಟ್ಟಿತು. ಅದೇ ತೀರದಲ್ಲಿದ್ದ ಅಮೆರಿಕದ ಲಿಕ್ ವೀಕ್ಷಣಾಲಯದ ಕ್ಯಾಂಬೆಲ್ ತಂಡದ ಫೋಟೋಗಳು ಮಾತ್ರ ಐನ್‌ಸ್ಟೈನ್ ಲೆಕ್ಕವನ್ನು 1919ಕ್ಕಿಂತ ಗಟ್ಟಿಯಾಗಿ ಎತ್ತಿಹಿಡಿದವು. ಎವರ್‌ಶೆಡ್ ಬಗ್ಗೆ ನನಗೆ ಈಗಲೂ ಅಯ್ಯೋ ಅನ್ನಿಸುತ್ತೆ.

1980ರ ಫೆಬ್ರವರಿ 16ರಂದು ಪೂರ್ಣಗ್ರಹಣ ಕರ್ನಾಟಕಕ್ಕೇ ಬಂತು. ಹುಬ್ಬಳ್ಳಿ, ರಾಯಚೂರು ಕಡೆ ಖಗೋಳ ವಿಜ್ಞಾನಿಗಳು ಶಿಬಿರ ಹಾಕಿದರು. ಆದರೆ ಬೆಳಕಿನ ಬಾಗು ಅಳೆಯಲು ಅಷ್ಟರಲ್ಲಿ ಗ್ರಹಣವೇ ಬೇಕಿರಲಿಲ್ಲ. ಸೂರ್ಯನ ಹಿಂದೆ ಸರಿಯುವ ಕ್ವೇಸಾರ್‌ಗಳ ರೇಡಿಯೋ ಅಲೆ ಹಿಡಿದು, ಶೇಕಡಾ 1ರ ನಿಖರತೆಯಲ್ಲಿ, 1970ರ ದಶಕದಲ್ಲೇ ಅಳೆದಾಗಿತ್ತು.

ಸಂಗಮದಿಂದ ವಾಪಸ್ ಬರುವಾಗ ಕೇಳಿದೆ, "ಅಜ್ಜಿ, ಎಂಬತ್ತರ ಗ್ರಹಣದಲ್ಲಿ ಏನು ನೋಡಿದ್ರಿ?"

"ಏನು ನೋಡೋದಪ್ಪ, ಕಿಟಕಿಗೆಲ್ಲ ಕಂಬಳಿ ಕಟ್ಟಿ ಒಳಗೆ ಕೂತಿದ್ವಲ್ಲ" ಅಂದರು.