ಎರಡು ಚಕ್ರ, ನಾಲ್ವರು ಸೋದರರು



ಇತಿಹಾಸವೆಂದರೆ ರಾಜರು, ಯುದ್ಧಗಳು, ಒಪ್ಪಂದಗಳು ಎಂದು ನೀವು ಭಾವಿಸಿದ್ದರೆ ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಪರೀಕ್ಷೆಯ ಪ್ರಶ್ನೆಗಳು ಹಾಗೆಯೇ ಇರುತ್ತವೆ. ಆದರೆ ನಿಮ್ಮ ಶಾಲೆ, ಕಾಲೇಜುಗಳ ಆವರಣದಲ್ಲಿ ಸಾಲಾಗಿ ನಿಂತಿರುವ ಸೈಕಲ್ಲುಗಳಿಗೂ ಒಂದು ಇತಿಹಾಸವಿದೆ. ಅದರಲ್ಲಿ ದೇಶವಿಭಜನೆಯಿದೆ, ಸರ್ಕಾರದ ನೀತಿಯಿದೆ, ಗಣಿತವಿದೆ, ಒಂದು ಕುಟುಂಬದ ಏಳುಬೀಳೂ ಇದೆ. ಪಂಜಾಬಿನ ಲೂಧಿಯಾನಾದ ಹೀರೋ ಸೈಕಲ್ಸ್ ಮತ್ತು ಅದನ್ನು ಕಟ್ಟಿದ ಮುಂಜಾಲ್ ಕುಟುಂಬದ ಕಥೆಯನ್ನು ಈ ದೃಷ್ಟಿಯಿಂದ ನೋಡೋಣ.

ಸ್ವಾತಂತ್ರ್ಯಕ್ಕೆ ಮುಂಚೆ ನಮ್ಮ ರಸ್ತೆಗಳಲ್ಲಿ ಓಡುತ್ತಿದ್ದ ಸೈಕಲ್ಲುಗಳಲ್ಲಿ ಬಹುಪಾಲು ಇಂಗ್ಲೆಂಡಿನವು. ರ್‍ಯಾಲಿ, ಬಿ.ಎಸ್.ಎ., ಹರ್ಕ್ಯುಲಿಸ್ ಎಂಬ ಹೆಸರುಗಳನ್ನು ನಿಮ್ಮ ಅಜ್ಜಂದಿರು ಇಂದಿಗೂ ನೆನೆಯಬಹುದು. ಸೈಕಲ್ ವಿದೇಶದ್ದಾದರೂ ಸವೆದ ಭಾಗಕ್ಕೆ ಬದಲಿ ಭಾಗ ಬೇಕಲ್ಲವೇ? ಈ ಬಿಡಿಭಾಗಗಳ ವ್ಯಾಪಾರದಿಂದಲೇ ನಮ್ಮ ಕಥೆ ಆರಂಭವಾಗುತ್ತದೆ.

ದಯಾನಂದ, ಸತ್ಯಾನಂದ, ಬ್ರಿಜ್‌ಮೋಹನ್ ಲಾಲ್ ಮತ್ತು ಓಂ ಪ್ರಕಾಶ್ ಈ ನಾಲ್ವರು ಸೋದರರು. ಊರು ಕಮಾಲಿಯಾ, ಈಗ ಪಾಕಿಸ್ತಾನದಲ್ಲಿದೆ. 1944ರಲ್ಲಿ ಅವರು ಅಮೃತಸರಕ್ಕೆ ಬಂದು ಸೈಕಲ್ ಬಿಡಿಭಾಗಗಳ ವ್ಯಾಪಾರಕ್ಕಿಳಿದರು. 1947ರ ವಿಭಜನೆ ಹುಟ್ಟೂರನ್ನು ಗಡಿಯಾಚೆಗೆ ದೂಡಿತು. ಕುಟುಂಬ ಲೂಧಿಯಾನಾದಲ್ಲಿ ನೆಲೆನಿಂತಿತು. ‘ಹೀರೋ’ ಎಂಬ ಹೆಸರಿನ ಹಿಂದೆಯೂ ವಿಭಜನೆಯ ನೆರಳಿದೆ. ಸೈಕಲ್ ಸೀಟುಗಳನ್ನು ತಯಾರಿಸುತ್ತಿದ್ದ ಮುಸ್ಲಿಂ ಸ್ನೇಹಿತರೊಬ್ಬರು ಪಾಕಿಸ್ತಾನಕ್ಕೆ ಹೊರಟು ನಿಂತಾಗ, ತಮ್ಮ ಸರಕಿಗಿದ್ದ ಆ ಹೆಸರನ್ನು ಬಳಸಿಕೊಳ್ಳಲು ಓಂ ಪ್ರಕಾಶರಿಗೆ ಅನುಮತಿ ಕೊಟ್ಟು ಹೋದರೆಂದು ಕುಟುಂಬದವರು ಹೇಳುತ್ತಾರೆ.

ಈಗ ಒಂದು ಪ್ರಶ್ನೆ. ವ್ಯಾಪಾರಿಗಳಾಗಿದ್ದವರು ತಯಾರಕರಾದದ್ದು ಹೇಗೆ? ಇದಕ್ಕೆ ಉತ್ತರ ಸೈಕಲ್ಲಿನ ರಚನೆಯಲ್ಲೇ ಇದೆ. ಚೌಕಟ್ಟು, ಮುಂದಿನ ಫೋರ್ಕು, ಹ್ಯಾಂಡಲ್ಲು, ರಿಮ್ಮು, ಕಡ್ಡಿಗಳು, ಪೆಡಲ್ಲು, ಚೈನು ಇವೆಲ್ಲ ನಿಗದಿತ ಅಳತೆಯ ಬೇರೆ ಬೇರೆ ವಸ್ತುಗಳು. ಅಳತೆ ಸರಿಯಿದ್ದರೆ ಒಬ್ಬ ಮಾಡಿದ ಫೋರ್ಕು ಇನ್ನೊಬ್ಬ ಮಾಡಿದ ಚೌಕಟ್ಟಿಗೆ ಕೂರುತ್ತದೆ. ಹಾಗಾಗಿ ಒಂದು ಲೇತ್ ಯಂತ್ರ, ನಾಲ್ಕು ಕೆಲಸಗಾರರಿರುವ ಸಣ್ಣ ಕಾರ್ಖಾನೆಯೂ ಸೈಕಲ್ ಉದ್ಯಮದ ಭಾಗವಾಗಬಲ್ಲದು. ಲೂಧಿಯಾನಾದಲ್ಲಿ ಇಂಥ ಸಣ್ಣ ಕಾರ್ಖಾನೆಗಳು ಹೇರಳವಾಗಿ ಬೆಳೆದವು. ಮುಂಜಾಲ್ ಸೋದರರು ಮೊದಲು ಕೊಂಡು ಮಾರಿದರು, ಆಮೇಲೆ ಕೆಲವು ಭಾಗಗಳನ್ನು ತಾವೇ ಮಾಡಿದರು, ಕೊನೆಗೆ ಇಡೀ ಸೈಕಲ್ಲನ್ನೇ ಜೋಡಿಸಿದರು.

1956ರಲ್ಲಿ ಪಂಜಾಬ್ ಸರ್ಕಾರ ಲೂಧಿಯಾನಾದಲ್ಲಿ ಸೈಕಲ್ ತಯಾರಿಸಲು 12 ಹೊಸ ಪರವಾನಗಿಗಳನ್ನು ಪ್ರಕಟಿಸಿತು. ಸೋದರರು ಅದರಲ್ಲೊಂದನ್ನು ಪಡೆದರು. ಬಂಡವಾಳ 6 ಲಕ್ಷ ರೂಪಾಯಿ. ಅದರಲ್ಲಿ ಒಂದು ಪಾಲು ಸರ್ಕಾರದ ನೆರವು. ಅನುಮತಿ ದೊರೆತದ್ದು ವರ್ಷಕ್ಕೆ 7,500 ಸೈಕಲ್ಲುಗಳಿಗೆ. ಮೊದಲ ವರ್ಷ ತಯಾರಾದದ್ದು 639 ಮಾತ್ರ! ವರ್ಷಕ್ಕೆ 300 ಕೆಲಸದ ದಿನಗಳೆಂದು ಹಿಡಿದು ನೀವೇ ಭಾಗಿಸಿ ನೋಡಿ. ದಿನಕ್ಕೆ 25 ಮಾಡಬಹುದಾಗಿದ್ದಲ್ಲಿ ಎರಡರಷ್ಟೇ ಹೊರಬಂದವು. ಅದೇ ಸಂಸ್ಥೆ 1975ರ ವೇಳೆಗೆ ಭಾರತದ ಅತಿ ದೊಡ್ಡ ಸೈಕಲ್ ತಯಾರಕ ಸಂಸ್ಥೆಯಾಯಿತು. 1986ರಲ್ಲಿ ಜಗತ್ತಿನಲ್ಲೇ ಅತಿ ದೊಡ್ಡದೆಂದು ಗಿನ್ನೆಸ್ ದಾಖಲೆಯ ಪುಸ್ತಕ ಸೇರಿತು.

ಮೂವತ್ತು ವರ್ಷಗಳಲ್ಲಿ ಇದು ಸಾಧ್ಯವಾದದ್ದು ಕೇವಲ ದುಡಿಮೆಯಿಂದಲ್ಲ. ಆಮದಿಗೆ ಕಡಿವಾಣ ಹಾಕಿದ ಸರ್ಕಾರದ ನೀತಿ ದೇಶೀ ತಯಾರಕರಿಗೆ ಆಸರೆಯಾಯಿತು. ಹಳ್ಳಿ, ಪಟ್ಟಣಗಳಲ್ಲಿ ಅಗ್ಗದ ವಾಹನಕ್ಕೆ ಬೇಡಿಕೆಯಿತ್ತು. ಜೊತೆಗೆ ಸೋದರರು ಕಂಡುಕೊಂಡ ಒಂದು ಪದ್ಧತಿ ಗಮನಾರ್ಹ. ನಿಮ್ಮ ಮನೆಗೆ ದಿನವೂ ಹಾಲು ಬರುವ ಹಾಗೆ, ಸುತ್ತಲಿನ ಸಣ್ಣ ಕಾರ್ಖಾನೆಗಳಿಂದ ಆಯಾ ದಿನಕ್ಕೆ ಬೇಕಾದ ಭಾಗಗಳು ಬರುತ್ತಿದ್ದವು. ಅವನ್ನು ಜೋಡಿಸಿ ಆದ ಸೈಕಲ್ಲುಗಳು ಬೇಗನೆ ಲಾರಿ ಹತ್ತುತ್ತಿದ್ದವು. ಉಗ್ರಾಣದಲ್ಲಿ ಸರಕು ಕೊಳೆಯದಿದ್ದರೆ ಅದರಲ್ಲಿ ತೊಡಗಿಸಿದ ಹಣವೂ ಸಿಕ್ಕಿಬೀಳುವುದಿಲ್ಲ. ಜಪಾನಿನ ಟೊಯೊಟಾ ಕಂಪನಿ ಇಂಥದೇ ಪದ್ಧತಿಯಿಂದ ಜಗತ್ಪ್ರಸಿದ್ಧವಾಯಿತು. ಲೂಧಿಯಾನಾದಲ್ಲಿ ಅದು ಕೈಯಲ್ಲಿ ಹಣ ಕಡಿಮೆಯಿದ್ದವರ ಜಾಣ್ಮೆಯಾಗಿ ರೂಪುಗೊಂಡಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಒಮ್ಮೆ ಕಾರ್ಖಾನೆಯಲ್ಲಿ ಮುಷ್ಕರ ನಡೆದಾಗ ಓಂ ಪ್ರಕಾಶರು ತಾವೇ ಯಂತ್ರ ನಡೆಸಲು ಹೊರಟರಂತೆ. ಮುಷ್ಕರವೆಂದರೆ ವರ್ತಕರು ಒಪ್ಪಿಯಾರು, ಹುಟ್ಟುಹಬ್ಬಕ್ಕೆ ಸೈಕಲ್ ಸಿಗುತ್ತದೆಂದು ಕಾಯುತ್ತಿರುವ ಮಗು ಒಪ್ಪೀತೇ ಎಂಬುದು ಅವರ ವಾದವಾಗಿತ್ತಂತೆ. ಕಥೆ ಸೊಗಸಾಗಿದೆ. ಆದರೆ ಇತಿಹಾಸದ ವಿದ್ಯಾರ್ಥಿ ಅಷ್ಟಕ್ಕೇ ನಿಲ್ಲಬಾರದು. ಅಂದು ಕಾರ್ಮಿಕರು ಕೇಳಿದ್ದೇನು? ಕಥೆ ಅದನ್ನು ಹೇಳುವುದಿಲ್ಲ. ಉದ್ಯಮಗಳ ಇತಿಹಾಸವನ್ನು ಬಹುಮಟ್ಟಿಗೆ ಒಡೆಯರ ಕಡೆಯಿಂದಲೇ ನಾವು ಕೇಳುತ್ತೇವೆ ಎಂಬುದನ್ನು ಮರೆಯದಿರಿ.

ಮುಂದಿನ ತಿರುವು 1984ರದು. ಕುಟುಂಬವು ಜಪಾನಿನ ಹೊಂಡಾ ಕಂಪನಿಯೊಡನೆ ಕೈಜೋಡಿಸಿ ಹೀರೋ ಹೊಂಡಾ ಸ್ಥಾಪಿಸಿತು. ಸೈಕಲ್ ತುಳಿಯುವವನ ಕನಸು ಮೋಟಾರ್ ಸೈಕಲ್. ಆ ಕನಸನ್ನು ಬೇರೆಯವರು ಮಾರುವ ಮೊದಲು ತಾವೇ ಮಾರಿದರು. 2010ರಲ್ಲಿ ಕುಟುಂಬದ ವ್ಯವಹಾರಗಳು ಸೋದರರ ಕವಲುಗಳ ನಡುವೆ ಹಂಚಿಕೆಯಾದವು. ಮೋಟಾರ್ ಸೈಕಲ್ ಬ್ರಿಜ್‌ಮೋಹನ್ ಲಾಲರ ಕವಲಿಗೆ, ಸೈಕಲ್ ಓಂ ಪ್ರಕಾಶರ ಕವಲಿಗೆ ಹೋಯಿತು. 2015ರಲ್ಲಿ ಆ ಇಬ್ಬರೂ ತೀರಿಕೊಂಡರು. ಸೈಕಲ್ ಸಂಸ್ಥೆಯ ಹೊಣೆ ಓಂ ಪ್ರಕಾಶರ ಮಗ ಪಂಕಜ್ ಮುಂಜಾಲರದಾಯಿತು. ಅದೇ ವರ್ಷ ಸಂಸ್ಥೆಯು ಗೇರುಳ್ಳ ದುಬಾರಿ ಸೈಕಲ್ಲುಗಳ ಫೈರ್‌ಫಾಕ್ಸ್ ಕಂಪನಿಯನ್ನು ಕೊಂಡಿತು.

ಹಾಗಾದರೆ ಕುಟುಂಬದ ಒಗ್ಗಟ್ಟೇ ಗೆಲುವಿನ ಗುಟ್ಟೇ? ಆತುರದ ತೀರ್ಮಾನ ಬೇಡ. 1951ರಲ್ಲಿ ಸೋನಿಪತ್‌ನಲ್ಲಿ ಜಾನಕಿದಾಸ್ ಕಪೂರ್ ಸ್ಥಾಪಿಸಿದ ಅಟ್ಲಾಸ್ ಕೂಡ ಕುಟುಂಬದ ಸಂಸ್ಥೆಯೇ, ಹೀರೋಗಿಂತ ಹಿರಿಯದು, ಮನೆಮಾತಾಗಿದ್ದ ಹೆಸರು. ಅದರ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು ಕೆಲಸ ನಿಲ್ಲಿಸಿತು. ಕಚ್ಚಾವಸ್ತು ಕೊಳ್ಳಲೂ ಹಣವಿಲ್ಲವೆಂಬ ಸೂಚನಾಪತ್ರ ಅಂದು ಗೇಟಿನ ಬಳಿ ಇತ್ತು. ನೂರಾರು ಕೆಲಸಗಾರರು ಹಿಂದಿರುಗಬೇಕಾಯಿತು. ಆ ದಿನ ವಿಶ್ವ ಸೈಕಲ್ ದಿನ! ತಾತ ಕಟ್ಟಿದ ಹೆಸರು ಮೊಮ್ಮಕ್ಕಳಿಗೆ ಉಳಿಯುವುದು ಹೆಸರಿನ ಬಲದಿಂದಲ್ಲ. ಕೊಳ್ಳುವವನ ಅಗತ್ಯ ಬದಲಾದಂತೆ ತಾನೂ ಬದಲಾಗುವುದರಿಂದ, ಕೈಯಲ್ಲಿರುವ ಹಣದ ಲೆಕ್ಕ ತಪ್ಪದಿರುವುದರಿಂದ.

ಕೊಳ್ಳುವವರೂ ಬದಲಾದರು. ಹಾಲಿನ ಕ್ಯಾನು ಹೊರುತ್ತಿದ್ದ ಕಪ್ಪು ಸೈಕಲ್ಲಿನ ಜಾಗಕ್ಕೆ ಬೈಕು ಬಂತು. ಇತ್ತ ಸರ್ಕಾರಗಳೇ ದೊಡ್ಡ ಗಿರಾಕಿಗಳಾದವು. ಬಿಹಾರದಲ್ಲಿ 2006ರಲ್ಲಿ 9ನೇ ತರಗತಿಯ ಹುಡುಗಿಯರಿಗಾಗಿ, ಕರ್ನಾಟಕದಲ್ಲಿ 2006-07ರಲ್ಲಿ 8ನೇ ತರಗತಿಯವರಿಗಾಗಿ ಸೈಕಲ್ ಯೋಜನೆಗಳು ಆರಂಭವಾದವು. ದೂರದ ಹಳ್ಳಿಯ ಹುಡುಗಿಯೊಬ್ಬಳು ಪ್ರೌಢಶಾಲೆ ಬಿಡದೆ ಓದಿದಳೆಂದರೆ ಅದೂ ಸೈಕಲ್ಲಿನ ಇತಿಹಾಸವೇ.

ಇನ್ನು ನಿಮ್ಮ ಪಾಲಿನ ಕೆಲಸ. ನಿಮ್ಮ ಬಳಿ ಇರುವ ಸೈಕಲ್ಲಿನ ಪೆಡಲ್ಲು, ರಿಮ್ಮು, ಸೀಟುಗಳ ಮೇಲಿನ ಅಕ್ಷರಗಳನ್ನು ಓದಿ, ಯಾವ ಭಾಗ ಯಾವ ಊರಿನದೆಂದು ಪಟ್ಟಿ ಮಾಡಿ. ಬಳಿಕ ಬೀದಿಯ ಸೈಕಲ್ ಷಾಪಿನ ಹಿರಿಯರನ್ನು ಕೇಳಿ: ಮೊದಲು ಯಾವ ಕಂಪನಿಯ ಸೈಕಲ್ ಹೆಚ್ಚು ರಿಪೇರಿಗೆ ಬರುತ್ತಿತ್ತು, ಈಗ ಯಾವುದು ಬರುತ್ತದೆ? ಆ ಉತ್ತರಗಳನ್ನು ವರ್ಷಗಳ ಸಮೇತ ಬರೆದಿಡಿ. ಪಠ್ಯಪುಸ್ತಕದಲ್ಲಿಲ್ಲದ ಇತಿಹಾಸದ ಒಂದು ಪುಟ ನಿಮ್ಮ ಕೈಯಲ್ಲೇ ಸಿದ್ಧವಾಗುತ್ತದೆ.