ಗೋವಿಂದು ಹೆಸರಿನ ಸೀತಾಳೆ: ಮದರಾಸಿನ ಚಿತ್ರದಿಂದ ಮೊಬೈಲಿನವರೆಗೆ

ಮಳೆಗಾಲದಲ್ಲಿ ಪುಣೆಯಿಂದ ಕಾಸ್ ಪಠಾರಕ್ಕೆ ಹೋಗೋರು, ಮುಂಬೈಯಿಂದ ಘಟ್ಟದ ದಾರಿಯಲ್ಲಿ ಊರಿಗೆ ಹೊರಟೋರು ಈಗ ಕಾಡುಹೂವು ಕಂಡರೆ ಸಾಕು, ಮೊಬೈಲಲ್ಲಿ ಫೋಟೊ ತೆಗೆದು ಆ್ಯಪ್‌ಗೆ ಹಾಕಿ ಹೆಸರು ಕೇಳ್ತಾರೆ. ಆರ್ಕಿಡ್‌ಗೂ, ಅಂದರೆ ನಮ್ಮ ಮಲೆನಾಡಿನವರು ಸೀತಾಳೆ ಅನ್ನೋ ಹೂವಿಗೂ, ಕ್ಷಣದಲ್ಲಿ ಹೆಸರು ಬರುತ್ತೆ. ಆ ಹೆಸರುಗಳ ಹಿಂದೆ ದೊಡ್ಡ ಚರಿತ್ರೆ ಇದೆ. ಅದರಲ್ಲಿ ಮದರಾಸಿನ ಒಬ್ಬ ಚಿತ್ರಗಾರನ ಕಥೆ ಇವತ್ತಿನ ಮಾತು.

ರಾಬರ್ಟ್ ವೈಟ್ ಸ್ಕಾಟ್ಲೆಂಡಿನವರು, ಈಸ್ಟ್ ಇಂಡಿಯಾ ಕಂಪನಿಯ ವೈದ್ಯರು. ದಕ್ಷಿಣ ಭಾರತದ ಗಿಡಮರಗಳ ಬಗ್ಗೆ 1838ರಿಂದ 1853ರವರೆಗೆ ಮದರಾಸಿನಲ್ಲಿ ಆರು ಸಂಪುಟಗಳನ್ನು ಪ್ರಕಟಿಸಿದರು. ಅದರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಚಿತ್ರಫಲಕಗಳಿವೆ. ವೈಟ್ ಅವರಿಗಾಗಿ ಚಿತ್ರ ಬರೆದವರಲ್ಲಿ ಮುಖ್ಯರು ಇಬ್ಬರು: ರಂಗಯ್ಯ ಮತ್ತು ಗೋವಿಂದು.

ಚಿತ್ರ ಯಾಕೆ ಬೇಕಿತ್ತು? ಸೀತಾಳೆ ಹೂವನ್ನು ಕಾಗದದ ಮಧ್ಯೆ ಇಟ್ಟು ಒಣಗಿಸಿದರೆ ಬಣ್ಣ ಹೋಗುತ್ತೆ, ಆಕಾರ ಚಪ್ಪಟೆಯಾಗುತ್ತೆ. ಗುರುತು ಇರೋದೇ ಆ ಆಕಾರದಲ್ಲಿ: ತುಟಿಯಂತಿರೋ ಒಂದು ದಳ, ಕೆಲವು ಜಾತಿಗಳಲ್ಲಿ ಅದರ ಹಿಂದಿನ ಕೊಳವೆ, ನಡುವಿನ ಕಂಬ, ಅಲ್ಲಿ ಅಂಟಿಕೊಂಡಿರೋ ಪರಾಗದ ಉಂಡೆ. ಇವನ್ನು ಬಿಡಿಸಿ, ದೊಡ್ಡದು ಮಾಡಿ, ಒಂದೊಂದಾಗಿ ಬರೆದವರು ಈ ಕಲಾವಿದರು.

1853ರಲ್ಲಿ, ಕೊನೆಯ ಸಂಪುಟದಲ್ಲಿ, ವೈಟ್ ಒಂದು ಸೀತಾಳೆ ಕುಲಕ್ಕೆ 'ಗೋವಿಂದೂಯಾ' ಅಂತ ಹೆಸರಿಟ್ಟರು. ಚಿತ್ರಗಾರನ ಹೆಸರು ಸಸ್ಯಶಾಸ್ತ್ರಕ್ಕೆ ಸೇರಿತು! ಆದರೆ ಉಳಿಯಲಿಲ್ಲ. ಲಂಡನ್ನಿನ ಜಾನ್ ಲಿಂಡ್ಲೆ 1833ರಲ್ಲೇ 'ಟ್ರೊಪಿಡಿಯಾ' ಅನ್ನೋ ಕುಲವನ್ನು ಹೆಸರಿಸಿದ್ದರು. ಎರಡೂ ಒಂದೇ ಅಂತ ತೀರ್ಮಾನವಾಯಿತು. ಮೊದಲು ಇಟ್ಟ ಹೆಸರೇ ನಿಲ್ಲಬೇಕು ಅನ್ನೋದು ಶಾಸ್ತ್ರದ ನಿಯಮ. ನಿಯಮ ಸರಿಯಾಗೇ ಇದೆ, ಆದರೆ ಗೋವಿಂದು ಪರ್ಯಾಯ ಹೆಸರುಗಳ ಪಟ್ಟಿಗೆ ಸರಿದುಹೋದರು.

ಡಿಜಿಟಲ್ ಸಾಧನಗಳ ನಿಜವಾದ ಉಪಕಾರ ಇಲ್ಲಿದೆ. ಕ್ಯೂ ಉದ್ಯಾನದ ಆನ್‌ಲೈನ್ ಸಸ್ಯಕೋಶದಲ್ಲಿ 'ಗೋವಿಂದೂಯಾ' ಹುಡುಕಿದರೆ ಅದು ಟ್ರೊಪಿಡಿಯಾಗೆ ಕರೆದೊಯ್ಯುತ್ತೆ. ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯಲ್ಲಿ ವೈಟ್ ಅವರ ಸಂಪುಟಗಳನ್ನು ಬಿಡಿಗಾಸು ಕೊಡದೆ ನೋಡಬಹುದು. ಒಂದು ಕಾಲದಲ್ಲಿ ದೊಡ್ಡ ಗ್ರಂಥಾಲಯಗಳ ಕಪಾಟಿನಲ್ಲಿದ್ದ ಚಿತ್ರ ಈಗ ನಿಮ್ಮ ಅಂಗೈಯಲ್ಲಿದೆ.

ಇನ್ನು ಫೋಟೊ ನೋಡಿ ಹೆಸರು ಹೇಳೋ ಆ್ಯಪ್‌ಗಳು. ಐನ್ಯಾಚುರಲಿಸ್ಟ್ 2008ರಲ್ಲಿ ಬರ್ಕ್ಲಿಯ ವಿದ್ಯಾರ್ಥಿಗಳ ಯೋಜನೆಯಾಗಿ ಹುಟ್ಟಿತು. 2017ರಲ್ಲಿ ಅದಕ್ಕೆ ಯಂತ್ರದ ಕಣ್ಣು ಬಂತು. ಆ ಕಣ್ಣನ್ನು ಪಳಗಿಸಿದ್ದು ಸಾವಿರಾರು ಜನ ಕೂತು ಗುರುತಿಸಿದ ಫೋಟೊಗಳು. ಆದರೆ ಫೋಟೊದಲ್ಲಿ ಇಲ್ಲದ್ದನ್ನು ಯಂತ್ರ ನೋಡಲಾರದು. ಸಹ್ಯಾದ್ರಿಯ ಎರಡು ನೆಲಸೀತಾಳೆ ನೋಡಿ: ಹಬೆನೇರಿಯಾ ಗ್ರಾಂಡಿಫ್ಲೋರಿಫಾರ್ಮಿಸ್ ಮತ್ತು ಹಬೆನೇರಿಯಾ ರಾರಿಫ್ಲೋರಾ. ಎರಡಕ್ಕೂ ಬಿಳಿ ಹೂವು. ಮೊದಲನೆಯದಕ್ಕೆ ಒಂದೋ ಎರಡೋ ಅಗಲ ಎಲೆ, ನೆಲಕ್ಕೆ ಅಂಟಿಕೊಂಡಂತೆ. ಎರಡನೆಯದಕ್ಕೆ ಬಂಡೆಯ ಸಂದಿಯಲ್ಲಿ ಹಲವು ಎಲೆ. ಬರೀ ಹೂವಿನ ಫೋಟೊ ಹಾಕಿದರೆ ಅರ್ಧ ಗುರುತು ಬಿಟ್ಟಂತೆ. ಹಾಗಾಗಿ ಗೋವಿಂದು ಬರೆದ ಕ್ರಮದಲ್ಲೇ ತೆಗೀರಿ: ಇಡೀ ಗಿಡ, ಎಲೆ, ಹೂವಿನ ಎದುರು, ಹೂವಿನ ಪಕ್ಕ. ಹೂವು ಕೀಳೋದು ಬೇಡ.

ಕೊನೆಗೆ ಒಂದು ಎಚ್ಚರಿಕೆ. ವೈಟ್ ಕಾಲದಲ್ಲಿ ಗಿಡ ಸಿಕ್ಕ ಜಾಗ ಬರೆಯೋದು ಶಾಸ್ತ್ರದ ಶಿಸ್ತು. ಇವತ್ತು ಅದೇ ಮಾಹಿತಿ ಕಳ್ಳರಿಗೆ ದಾರಿ ತೋರಿಸಬಹುದು. ಆರ್ಕಿಡ್ ಕುಟುಂಬ ಇಡಿಯಾಗಿ ಸೈಟ್ಸ್ ಒಪ್ಪಂದದ ನಿಯಂತ್ರಣದಲ್ಲಿರೋದು ಸುಮ್ಮನೆ ಅಲ್ಲ. ಐನ್ಯಾಚುರಲಿಸ್ಟ್‌ನಲ್ಲಿ ಜಾಗವನ್ನು ಮಸುಕು ಮಾಡೋ ಆಯ್ಕೆ ಇದೆ. ಆಗ ಬೇರೆಯವರಿಗೆ ನಿಖರ ಬಿಂದು ಕಾಣದೆ ಸುಮಾರು 20 ಕಿಲೋಮೀಟರ್ ಅಗಲದ ಪ್ರದೇಶ ಮಾತ್ರ ಕಾಣುತ್ತೆ. ಅದನ್ನು ಬಳಸಿ. ವಾಟ್ಸಾಪ್ ಗುಂಪಿಗೆ ಲೊಕೇಶನ್ ಕಳಿಸಬೇಡಿ.

ನಿಮ್ಮೂರಲ್ಲಿ ಈ ಹೂವುಗಳನ್ನು ಏನಂತ ಕರೀತಾರೆ, ಮನೆಯ ಹಿರಿಯರನ್ನು ಕೇಳಿ ಬರೆದಿಡಿ. ಗೋವಿಂದು ಹೆಸರು ಇವತ್ತು ನಮಗೆ ಸಿಕ್ಕಿದ್ದು ಯಾರೋ ಬರೆದಿಟ್ಟಿದ್ದರಿಂದ.